ಸುಷ್ಮಾ ಮೇಡಂ ಭಟ್ಕಳದ ಬಸ್ಸು ಹತ್ತಿದ ಬುಧವಾರ

ಸಭೆಗೆ ನಮಸ್ಕಾರ. ಹೊನ್ನಾವರದಿಂದ, ಭಟ್ಕಳದಿಂದ ಈ ಬಿಸಿಲಿನಲ್ಲಿ ಬಸ್ಸು ಹಿಡಿದು ಬಂದವರಿಗೆ ನಮಸ್ಕಾರ. ಮುಂದಿನ ಸಾಲಿನಲ್ಲಿ ಕೂತಿರುವ ವೆಂಕಟ್ರಮಣ ಶಾನಭಾಗರಿಗೆ, ಮಗಳು ಧನ್ಯಾ ಅವರಿಗೆ — ಏನು ಹೇಳಬೇಕೋ ನನಗೆ ತಿಳಿಯುತ್ತಿಲ್ಲ. ನಿಮ್ಮ ಮನೆಯ ದುಃಖದ ಮುಂದೆ ನಮ್ಮದು ದೊಡ್ಡದಲ್ಲ. ಆದರೆ ನಮ್ಮದೂ ಇದೆ.

ನನ್ನ ಹೆಸರು ದಿನಕರ ನಾಯ್ಕ. ಡಾಕ್ಟರ್ ಸುಷ್ಮಾ ಶಾನಭಾಗ ಅವರ ಲ್ಯಾಬಿನಲ್ಲಿ ಟೆಕ್ನಿಶಿಯನ್. ಇಪ್ಪತ್ತೆರಡು ವರ್ಷ ಆಯಿತು. ನನಗಿಂತ ಮೊದಲು ಮಾತಾಡಿದವರು ಮೇಡಂ ಅವರ ಓದಿನ ಬಗ್ಗೆ, ಅವರು ನಡೆಸಿದ ತಪಾಸಣಾ ಶಿಬಿರಗಳ ಬಗ್ಗೆ ಹೇಳಿದರು. ಎಲ್ಲರ ಬಾಯಲ್ಲೂ ಒಂದು ಮಾತು ಬಂತು — ಅವರು ಧೈರ್ಯವಂತೆ ಎಂದು. ನಾನು ಕ್ಷಮೆ ಕೇಳಿ ಆ ಮಾತನ್ನು ಸ್ವಲ್ಪ ತಿದ್ದುತ್ತೇನೆ. ಸುಷ್ಮಾ ಮೇಡಂ ಹೆದರುತ್ತಿದ್ದರು. ಬಹಳ ಹೆದರುತ್ತಿದ್ದರು. ಇಪ್ಪತ್ತೆರಡು ವರ್ಷ ದಿನಾ ನೋಡಿದವನು ನಾನು, ಅಷ್ಟು ಹೆದರುವ ಇನ್ನೊಬ್ಬರನ್ನು ಕಂಡಿಲ್ಲ.

ನಮ್ಮ ಕೆಲಸ ಏನು ಎಂದು ಇಲ್ಲಿ ಎಲ್ಲರಿಗೂ ಗೊತ್ತಿರಲಿಕ್ಕಿಲ್ಲ. ಆಪರೇಶನ್ ಆದವರ ಮೈಯಿಂದ ತೆಗೆದ ಗಡ್ಡೆ, ಮಾಂಸದ ತುಂಡು ನಮ್ಮಲ್ಲಿಗೆ ಡಬ್ಬಿಯಲ್ಲಿ ಬರುತ್ತದೆ. ನಾವು ಅದನ್ನು ಮೇಣದಲ್ಲಿ ಹುಗಿದು, ಕೂದಲಿಗಿಂತ ತೆಳ್ಳಗೆ ಕೊಯ್ದು, ಗಾಜಿನ ಮೇಲೆ ಹಾಸಿ, ಬಣ್ಣ ಹಾಕುತ್ತೇವೆ. ಅಷ್ಟು ನನ್ನ ಕೆಲಸ. ಆ ಗಾಜನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ, ಇದು ಕ್ಯಾನ್ಸರ್ ಹೌದು, ಇದು ಅಲ್ಲ ಎಂದು ಹೇಳುವುದು ಮೇಡಂ ಕೆಲಸ. ರೋಗಿಯ ಮುಖ ಅವರು ನೋಡುವುದಿಲ್ಲ. ರೋಗಿಗೂ ಅವರು ಯಾರೆಂದು ಗೊತ್ತಿರುವುದಿಲ್ಲ. ಆದರೆ ಅವರು ಬರೆದ ಎರಡು ಸಾಲಿನ ಮೇಲೆ ಒಂದು ಮನೆ ನಿಲ್ಲುತ್ತದೆ, ಇಲ್ಲ ಬೀಳುತ್ತದೆ.

ಹಾಗಾಗಿ ಹೆದರುತ್ತಿದ್ದರು. ಸಂಜೆ ಚಪ್ಪಲಿ ಹಾಕಿಕೊಂಡು ಗೇಟಿನ ತನಕ ಹೋದವರು ತಿರುಗಿ ಬಂದು, "ಆ ಹದಿನಾಲ್ಕನೇ ನಂಬರು ಇನ್ನೊಂದ್ಸಲ ಕೊಡು" ಎನ್ನುತ್ತಿದ್ದರು. ಒಮ್ಮೆ ಮನೆಯವರ ಜೊತೆ ಧಾರೇಶ್ವರದ ದೇವಸ್ಥಾನಕ್ಕೆ ಹೊರಟು, ಅರ್ಧ ದಾರಿಯಿಂದ ರಿಕ್ಷಾ ತಿರುಗಿಸಿ ಲ್ಯಾಬಿಗೆ ಬಂದಿದ್ದರು. ಒಂದು ಗಾಜಿನ ಮೇಲಿನ ಹೆಸರು ಸರಿಯಾಗಿ ಓದಿದ್ದೇನೋ ಇಲ್ಲವೋ ಎಂಬ ಅನುಮಾನ. ಸರಿಯಾಗಿಯೇ ಇತ್ತು. ಶಾನಭಾಗರು ತಲೆ ಆಡಿಸುತ್ತಿದ್ದಾರೆ — ಅವತ್ತು ಹಣ್ಣುಕಾಯಿ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಮುಕ್ಕಾಲು ತಾಸು ರಿಕ್ಷಾದಲ್ಲಿ ಕಾದವರು ಅವರೇ.

ಇವತ್ತು ನಾನು ಒಂದೇ ಒಂದು ಘಟನೆ ಹೇಳಿ ಕೂತುಕೊಳ್ಳುತ್ತೇನೆ. ಅದರಲ್ಲಿ ನನ್ನ ತಪ್ಪೂ ಇದೆ. ಆರು ವರ್ಷ ಆ ತಪ್ಪನ್ನು ಮೇಡಂ ಯಾರಿಗೂ ಹೇಳಲಿಲ್ಲ. ಇನ್ನು ಹೇಳುವವರು ಇಲ್ಲ. ಹಾಗಾಗಿ ನಾನೇ ಹೇಳಬೇಕು.

ಇದು ಭಟ್ಕಳದ ದೀಪಿಕಾ ಅವರ ವಿಷಯ. ಅವರು ಇಲ್ಲೇ ಇದ್ದಾರೆ, ನಾಲ್ಕನೇ ಸಾಲಿನಲ್ಲಿ, ಪಕ್ಕದಲ್ಲಿ ಗಂಡ ರಾಜೀವ. ಹೆಂಗಸರ ಕಾಯಿಲೆಯ ಮಾತು, ಸಭೆಯಲ್ಲಿ ಆಡಬಹುದೋ ಇಲ್ಲವೋ ಎಂದು ನಾನು ನಿನ್ನೆ ಫೋನ್ ಮಾಡಿ ಕೇಳಿದೆ. "ಹೇಳಿ. ಹೆಸರು ಹಾಕಿಯೇ ಹೇಳಿ. ಮುಚ್ಚಿಟ್ಟದ್ದೇ ಸಾಕು" ಎಂದರು. ಆದ್ದರಿಂದ ಹೇಳುತ್ತೇನೆ.

ಆರು ವರ್ಷದ ಹಿಂದೆ, ಜೂನ್ ತಿಂಗಳು. ಮಳೆಗಾಲಕ್ಕೆ ಮೀನುಗಾರಿಕೆ ಬೋಟುಗಳೆಲ್ಲ ಬಂದ್ ಇದ್ದ ಕಾಲ. ರಾಜೀವ ಬೋಟಿಗೆ ಹೋಗುವವರು, ಹಾಗಾಗಿ ಮನೆಯಲ್ಲೇ ಇದ್ದರು. ದೀಪಿಕಾಗೆ ಆಗ ಮೂವತ್ತನಾಲ್ಕು. ಮದುವೆಯಾಗಿ ಒಂಬತ್ತು ವರ್ಷ, ಮಕ್ಕಳಿರಲಿಲ್ಲ. ಒಂದು ಬೆಳಗ್ಗೆ ಬಚ್ಚಲಿನಲ್ಲಿ ನಿಂತಿದ್ದಾಗ ಹೊಟ್ಟೆ ಹಿಡಿದು, ಮೈಯಿಂದ ಮಾಂಸದ ತುಂಡೊಂದು ಕೆಳಗೆ ಬಿತ್ತು. ಮುಷ್ಟಿಯಷ್ಟು. ಬೂದು ಬಣ್ಣ. ಕೆಟ್ಟ ವಾಸನೆ. ರಕ್ತ ನಿಲ್ಲಲಿಲ್ಲ. ಅತ್ತೆ ಮಾಸ್ತಮ್ಮ ಓಡಿ ಬಂದು ನೋಡಿ ಗೋಡೆ ಹಿಡಿದು ಕೂತುಬಿಟ್ಟರಂತೆ — ಬಸುರಿಯಾಗಿದ್ದಳು, ನಮಗೆ ಹೇಳಿಲ್ಲ, ಈಗ ಹೋಯಿತು ಎಂದುಕೊಂಡು.

ಬಸುರಿ ಅಲ್ಲ. ಹೊನ್ನಾವರದ ನರ್ಸಿಂಗ್ ಹೋಂನಲ್ಲಿ ಡಾಕ್ಟರ್ ವಿಶ್ವನಾಥ ಅವರು ನೋಡಿದರು. ಅವರೂ ಇಲ್ಲಿದ್ದಾರೆ, ನಮಸ್ಕಾರ ಸರ್. ಗರ್ಭಕೋಶದಲ್ಲಿ ಗಡ್ಡೆ ಇತ್ತು, ಫೈಬ್ರಾಯ್ಡ್ ಎನ್ನುತ್ತಾರಲ್ಲ, ಅದು. ಅದರ ಒಂದು ಭಾಗ ಕಳಚಿ ಬಂದಿತ್ತು. ಒಳಗೆ ಉಳಿದದ್ದನ್ನು ಸರ್ ತೆಗೆದು, ಡಬ್ಬಿಗೆ ಹಾಕಿ, ನಮ್ಮ ಲ್ಯಾಬಿಗೆ ಕಳಿಸಿದರು. ತಂದವರು ರಾಜೀವ. ಶುಕ್ರವಾರ ಮಧ್ಯಾಹ್ನ, ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಡಬ್ಬಿ ಇಟ್ಟುಕೊಂಡು, ಬಸ್ಸಿನಲ್ಲಿ ಕುಮಟಾಕ್ಕೆ.

ಈಗ ನನ್ನ ತಪ್ಪು.

ಅವತ್ತು ಕರೆಂಟು ಹೋಗಿ ಬಂದು ಮಾಡುತ್ತಿತ್ತು. ಹನ್ನೊಂದು ಡಬ್ಬಿ ಬಂದು ಕೂತಿತ್ತು, ಫೋನು ಬಡಿದುಕೊಳ್ಳುತ್ತಿತ್ತು. ರಾಜೀವ ಕೌಂಟರಿಗೆ ಬಂದು ಚೀಟಿ ಕೊಟ್ಟರು. ಚೀಟಿಯಲ್ಲಿ ಹೆಸರು, ಅಡ್ರೆಸ್ ಬಿಟ್ಟರೆ "ಫೈಬ್ರಾಯ್ಡ್, ಕಳಚಿದ ಗಡ್ಡೆ" ಎಂದಷ್ಟೇ ಇತ್ತು. ನಾನು ನಂಬರು ಹಾಕಿದೆ. ಅವರು ಹೋಗಲಿಲ್ಲ. ಆಚೀಚೆ ನೋಡಿ, ತಗ್ಗಿದ ಸ್ವರದಲ್ಲಿ ಹೇಳಿದರು —

"ಸರ್, ಇದಕ್ಕೆ ಮುಂಚೆ ಒಂದು ಕಾವು ಕೊಟ್ಟಿದ್ರು. ಹೊಟ್ಟೆ ಮೇಲಿಂದ. ಸ್ಕ್ಯಾನಿಂಗ್ ತರದ್ದೇ ಮೆಶಿನ್. ಅದ್ನೂ ಬರ್ಕೊಳಿ. ಹೊನ್ನಾವರದಲ್ಲಿ ಹೇಳೂಕೆ ಆಗ್ಲಿಲ್ಲ, ಅಮ್ಮ ಬದಿಗೇ ಇದ್ಲು."

ನಾನು ತಲೆ ಎತ್ತಲೂ ಇಲ್ಲ. "ಸ್ಕ್ಯಾನಿಂಗ್ ಎಲ್ಲ ಇಲ್ಲಿ ಬರ್ಕೊಳ್ಳೂದಿಲ್ಲ. ಆತು, ನೀವು ಹೋಗಿ" ಎಂದೆ.

ಅವರು ಒಂದು ಕ್ಷಣ ನಿಂತರು. ನಂತರ ಹೋದರು. ಆ ಮನುಷ್ಯನಿಗೆ ಆ ಮಾತು ಹೇಳಲು ಜಗತ್ತಿನಲ್ಲಿ ಇದ್ದದ್ದು ಅದೊಂದೇ ಕೌಂಟರು. ನನಗೆ ಅದು ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳುವುದು ನನ್ನ ಕೆಲಸವಾಗಿತ್ತು.

ಸೋಮವಾರ ಗಾಜು ತಯಾರಾಯಿತು. ಮೇಡಂ ನೋಡಲು ಕೂತರು. ಸಾಮಾನ್ಯವಾಗಿ ಒಂದು ಫೈಬ್ರಾಯ್ಡ್ ನೋಡಲು ಅವರಿಗೆ ಹತ್ತು ನಿಮಿಷ. ಅವತ್ತು ಚಹಾ ತಣ್ಣಗಾಯಿತು. ಮತ್ತೆ ಬಿಸಿ ಮಾಡಿಕೊಟ್ಟೆ, ಅದೂ ತಣ್ಣಗಾಯಿತು. ಕೊನೆಗೆ ಕರೆದರು. ನಮ್ಮಲ್ಲಿ ಇಬ್ಬರು ಒಟ್ಟಿಗೆ ನೋಡುವ ಮೈಕ್ರೋಸ್ಕೋಪ್ ಇದೆ.

"ದಿನಕರ, ಇಲ್ಲಿ ಬಾ. ನಿಂಗೆ ಎಂತ ಕಾಣ್ತದೆ?"

ನಾನು ನೋಡಿದೆ. ಮಾಂಸದ ಎಳೆಗಳೆಲ್ಲ ಸಾಲಾಗಿ ಇದ್ದವು. ಒಂದೊಂದು ಕೋಶದ ಗೆರೆಯೂ ಸ್ಪಷ್ಟ. ಆದರೆ ಒಳಗೆ ಇರಬೇಕಾದ ನೀಲಿ ಚುಕ್ಕೆ — ಕೋಶದ ಜೀವ ಎನ್ನಿ — ಅದು ಇಲ್ಲ. ಕೇರಿಗೆ ಕೇರಿಯೇ ಇದೆ, ಗೋಡೆಗಳು ನಿಂತಿವೆ, ಒಳಗೆ ಮನುಷ್ಯರಿಲ್ಲ, ಹಾಗೆ. ಹಾಗೇ ಸರಿಸುತ್ತ ಹೋದರೆ ಒಂದು ಗಡಿ. ಗಡಿಯ ಈಚೆ ಎಲ್ಲ ಸತ್ತದ್ದು. ಆಚೆ ಎಲ್ಲ ಬದುಕಿದ್ದು. ನಡುವೆ ಏನೂ ಇಲ್ಲ. ಗಡಿಯ ಅಂಚಿನಲ್ಲಿ ಕೆಲವು ಕೋಶಗಳು ಉಬ್ಬಿಕೊಂಡು, ವಿಕಾರವಾಗಿ ಕಾಣುತ್ತಿದ್ದವು.

ಮೇಡಂ ಅಂದರು, "ಒಳ್ಳೆ ಗಡ್ಡೆ ಹೀಗೆ ಸಾಯೂದಿಲ್ಲ. ನಿಧಾನಕ್ಕೆ ಒಣಗ್ತದೆ. ಹೀಗೆ ಗೆರೆ ಎಳೆದ ಹಾಗೆ ಸಾಯೂದು ಕೆಟ್ಟದ್ರಲ್ಲಿ."

ಕೆಟ್ಟದ್ದು ಎಂದರೆ ಗರ್ಭಕೋಶದ ಮಾಂಸದಲ್ಲೇ ಹುಟ್ಟುವ ಒಂದು ಕ್ಯಾನ್ಸರ್. ಅಪರೂಪ. ಆದರೆ ಬಂದರೆ ಬಿಡುವುದಿಲ್ಲ. ಮೇಡಂ ವಿಶ್ವನಾಥ ಸರ್‌ಗೆ ಫೋನ್ ಮಾಡಿ ಅನುಮಾನ ಇದೆ ಎಂದರು. ರಿಪೋರ್ಟ್ ಇನ್ನೂ ಬರೆದಿಲ್ಲ, ಅನುಮಾನ ಮಾತ್ರ. ಸರ್ ಕೂಡ ಹೆದರಿದರು. ಗುರುವಾರ ಬೆಳಗ್ಗೆ ಆಪರೇಶನ್ ಎಂದು ನಿಶ್ಚಯ ಮಾಡಿದರು. ಗರ್ಭಕೋಶ, ಅಂಡಾಶಯ, ಎಲ್ಲ ತೆಗೆಯುವುದು. ಅವರ ಜಾಗದಲ್ಲಿ ಯಾರಿದ್ದರೂ ಅದನ್ನೇ ಮಾಡುತ್ತಿದ್ದರು. ದಯವಿಟ್ಟು ಅವರನ್ನು ಯಾರೂ ತಪ್ಪು ತಿಳಿಯಬಾರದು.

ಮಂಗಳವಾರ. ನಾನು ಬಾಗಿಲು ತೆಗೆಯುವುದಕ್ಕೆ ಬಂದರೆ ಮೇಡಂ ಮೆಟ್ಟಿಲ ಮೇಲೆ ಕೂತಿದ್ದರು. ನಿದ್ದೆ ಮಾಡಿದ ಮುಖ ಅಲ್ಲ. ಒಳಗೆ ಹೋಗಿ ಅದೇ ಗಾಜು ಹಿಡಿದರು. ಮಧ್ಯಾಹ್ನದ ತನಕ ಅದರಿಂದ ಕಣ್ಣು ತೆಗೆಯಲಿಲ್ಲ. ನಂತರ, ತುಂಬಾ ಮೆಲ್ಲಗೆ —

"ದಿನಕರ, ರಕ್ತದ ಕೊಳವೆ ನೋಡು."

ಸತ್ತ ಭಾಗದ ನಡುವೆ ಸಣ್ಣ ಸಣ್ಣ ರಕ್ತನಾಳಗಳಿದ್ದವು. ಕ್ಯಾನ್ಸರಿನಲ್ಲಿ ಸುತ್ತಲಿನದೆಲ್ಲ ಸತ್ತರೂ ರಕ್ತನಾಳದ ಪಕ್ಕದ ಕೋಶಗಳು ಉಳಿಯುತ್ತವೆ. ಅವಕ್ಕೆ ಅನ್ನ ಸಿಗುತ್ತದಲ್ಲ. ಇಲ್ಲಿ ಹಾಗಿರಲಿಲ್ಲ. ರಕ್ತನಾಳ ಸತ್ತಿತ್ತು. ಅದರ ಮಗ್ಗುಲಲ್ಲಿದ್ದವೂ ಸತ್ತಿದ್ದವು. ಒಂದೂ ಉಳಿದಿರಲಿಲ್ಲ.

"ಇದು ತಾನಾಗಿ ಸತ್ತದ್ದಲ್ಲ" ಎಂದರು ಮೇಡಂ. "ಇದನ್ನ ಯಾರೋ ಹೊರಗಿಂದ ಕೊಂದಿದ್ದಾರೆ. ಬೇಯಿಸಿದ ಹಾಗಿದೆ."

ಕಾವು. ಆ ಮನುಷ್ಯ ಹೇಳಿದ ಶಬ್ದ ಅದೇ.

ಮೇಡಂ ಕೇಳಿದರು, "ಈ ಡಬ್ಬಿ ಕೊಡೂಕೆ ಬಂದವರು ಏನಾದ್ರೂ ಹೇಳಿದ್ರಾ? ಮುಂಚೆ ಎಂತಾದ್ರೂ ಟ್ರೀಟ್‌ಮೆಂಟ್?"

ನಾನು — ಸಭೆಯ ಎದುರು ಹೇಳುತ್ತಿದ್ದೇನೆ — ನಾನು, "ಇಲ್ಲ ಮೇಡಂ, ಯಾರೂ ಎಂತದೂ ಹೇಳ್ಲಿಲ್ಲ" ಎಂದೆ.

ಯಾಕೆ ಹಾಗೆ ಹೇಳಿದೆ? ಆರು ವರ್ಷ ಕೇಳಿಕೊಂಡಿದ್ದೇನೆ. ಹೆದರಿಕೆ. ಕೆಲಸ ಹೋಗುತ್ತದೆ ಎಂದಲ್ಲ. ಅವರ ಮುಂದೆ ಸಣ್ಣವನಾಗುತ್ತೇನೆ ಎಂಬ ಹೆದರಿಕೆ. ಹೇಳಿದ ಮೇಲೆ ಇನ್ನೊಂದು ಹೆದರಿಕೆ ಹುಟ್ಟಿತು, ಅದು ಮೊದಲಿನದಕ್ಕಿಂತ ದೊಡ್ಡದು. ಗುರುವಾರ ಒಬ್ಬ ಹೆಂಗಸಿನ ಹೊಟ್ಟೆ ಕೊಯ್ಯುತ್ತಾರೆ, ತಡೆಯುವ ಮಾತು ನನ್ನ ಬಾಯಲ್ಲಿದೆ, ಆದರೆ ಬಾಯಿ ಬಿಡಲಾಗುತ್ತಿಲ್ಲ.

ಮೇಡಂ ವಿಶ್ವನಾಥ ಸರ್‌ಗೆ ಮತ್ತೆ ಫೋನ್ ಮಾಡಿದರು. ಎರಡು ದಿನ ಮುಂದೆ ಹಾಕಿ ಎಂದರು. ಆ ಕಡೆಯ ಮಾತು ನನಗೆ ಕೇಳಿಸುತ್ತಿತ್ತು. "ಮುಂದೆ ಹಾಕಿ, ಅದು ಹಬ್ಬಿದ್ರೆ ಯಾರು ಹೊಣೆ ಮೇಡಂ?" ಎಂದರು ಸರ್. ನ್ಯಾಯವಾದ ಪ್ರಶ್ನೆ. ಮೇಡಂ ಫೋನ್ ಇಟ್ಟು, ಅದೇ ಗಾಜನ್ನು ಮತ್ತೆ ಎದುರಿಗೆ ಎಳೆದುಕೊಂಡರು. ಕ್ಯಾನ್ಸರ್ ಇದ್ದು, ಅಲ್ಲ ಎಂದರೆ ಆ ಹೆಂಗಸು ಸಾಯುತ್ತಾಳೆ. ಇಲ್ಲದೇ ಇದ್ದು, ಹೌದು ಎಂದರೆ ಮೂವತ್ತನಾಲ್ಕಕ್ಕೇ ಅವಳ ಹೊಟ್ಟೆ ಖಾಲಿ. ಎರಡೂ ಇವರ ಕೈಯಿಂದಲೇ.

ಬುಧವಾರ ಬೆಳಗ್ಗೆ ಮೇಡಂ ಲ್ಯಾಬಿಗೆ ಬರಲಿಲ್ಲ. ಫೋನ್ ಬಂತು. "ನಾ ಬಸ್ಸಲ್ಲಿದ್ದೇನೆ. ಭಟ್ಕಳಕ್ಕೆ ಹೋಗ್ತಾ ಇದ್ದೇನೆ. ಚೀಟಿಯಲ್ಲಿ ಅಡ್ರೆಸ್ ಇದೆಯಲ್ಲ, ಓದಿ ಹೇಳು."

ನಾನು ಓದಿ ಹೇಳಿದೆ. ಆಗಲೂ ಹೇಳಬಹುದಿತ್ತು. ಅಡ್ರೆಸ್ ಮಾತ್ರ ಹೇಳಿದೆ.

ಅಲ್ಲಿ ಆದದ್ದನ್ನು ದೀಪಿಕಾ ನಂತರ ನನಗೆ ಹೇಳಿದ್ದು. ಬಂದರಿನ ಹತ್ತಿರ ಅವರ ಮನೆ. ಮಳೆಯಲ್ಲಿ ನೆನೆದು, ಸೀರೆ ನೆರಿಗೆ ಎತ್ತಿ ಹಿಡಿದು ಒಬ್ಬರು ಬಂದು, "ನಾನು ಕುಮಟಾ ಲ್ಯಾಬಿನ ಡಾಕ್ಟ್ರು" ಎಂದಾಗ ಮನೆಯವರು ಹೆದರಿಬಿಟ್ಟರು. ಡಾಕ್ಟರು ಮನೆಗೇ ಬಂದಿದ್ದಾರೆ ಎಂದರೆ ಇನ್ನೇನು ಉಳಿದಿದೆ ಎಂದು. ಮಾಸ್ತಮ್ಮ ಸೊಸೆಯ ಮಗ್ಗುಲು ಬಿಡಲಿಲ್ಲ. ಮೇಡಂ ಮಳೆ, ರಸ್ತೆ ಕೆಲಸ, ಬಂಗಡೆ ಎಂದು ಏನೇನೋ ಮಾತಾಡಿದರು. ಅವರಿಗೆ ದೀಪಿಕಾ ಒಬ್ಬಳೇ ಬೇಕಿತ್ತು. ಕೊನೆಗೆ, "ಬಚ್ಚಲು ಎಲ್ಲಿ? ನೀ ಬಾ, ತೋರ್ಸು" ಎಂದು ಅವಳನ್ನು ಎಬ್ಬಿಸಿಕೊಂಡು ಹಿಂದೆ ಹೋದರು. ಬಾಗಿಲು ಹಾಕಿದರು.

"ಮಗಾ, ನಿನ್ನ ಹೊಟ್ಟೆಗೆ ಯಾರು ಎಂತ ಮಾಡಿದ್ರು?"

ದೀಪಿಕಾ ಬಾಗಿಲಿನ ಕಡೆ ನೋಡಿದರು.

"ನಾ ಯಾರಿಗೂ ಹೇಳೂದಿಲ್ಲ. ನಂಗೆ ಗೊತ್ತಾಗ್ಲೇಬೇಕು. ನಾಳೆ ಹತ್ತು ಗಂಟೆ ಒಳಗೆ."

ಆಗ ಹೊರಗೆ ಬಂತು. ಗಡ್ಡೆ ಇದೆ, ಗರ್ಭಕೋಶ ತೆಗೆಯಬೇಕು ಎಂದು ಎರಡು ಕಡೆ ಹೇಳಿದ್ದರು. ಮಗು ಬೇಕು ಎಂಬ ಆಸೆ. ಕೊಯ್ಯದೆ ಕರಗಿಸುತ್ತಾರೆ ಎಂದು ಯಾರೋ ಹೇಳಿದ್ದು ಕೇಳಿ, ಗಂಡ ಹೆಂಡತಿ ಕೊಲ್ಲೂರಿಗೆ ಹರಕೆ ಎಂದು ಮನೆಯಲ್ಲಿ ಹೇಳಿ, ದೊಡ್ಡ ಊರಿನ ಆಸ್ಪತ್ರೆಗೆ ಹೋಗಿದ್ದರು. ಅದು ಫೆಬ್ರವರಿಯಲ್ಲಿ.

"ಬೋರಲು ಮಲಗ್ಸಿದ್ರು. ಮೂರು ತಾಸು ಅಲ್ಲಾಡೂಕಿಲ್ಲ. ಕತ್ತಿ ಇಲ್ಲ, ಹೊಲಿಗೆ ಇಲ್ಲ. ಶಬ್ದವನ್ನ ಒಂದೇ ಕಡೆ ಬಿಡ್ತಾರಂತೆ, ಗಡ್ಡೆ ಅಲ್ಲೇ ಬೇಯ್ತದಂತೆ. ಆಮೇಲೆ ಸಣ್ಣ ಆಗ್ತದೆ, ಕೆಲವರಿಗೆ ತುಂಡಾಗಿ ಬೀಳ್ತದೆ ಅಂದಿದ್ರು. ಬಿದ್ದಾಗ ನಾ ಸಾಯ್ತೇ ಅಂದ್ಕೊಂಡೆ. ಅತ್ತೆಗೆ ಹೇಳೂಕೆ ಹೆದರಿಕೆ. ಹೊಟ್ಟೆ ಬೇಯಿಸ್ಕೊಂಡು ಬಂದೆ ಅಂತ ಹೇಗೆ ಹೇಳೂದು?"

ಕಾಗದ ಇದೆಯಾ ಎಂದು ಮೇಡಂ ಕೇಳಿದರು. ಹಳೆ ಸೀರೆಗಳ ಅಡಿಯಲ್ಲಿ ಇತ್ತು. ಹೋಗಿ ತಂದು ಕೊಟ್ಟು, ಬಾಗಿಲು ಮತ್ತೆ ಹಾಕಿದರು. ಮೇಡಂ ಬಚ್ಚಲಿನ ಕಿಟಕಿಯ ಬೆಳಕಿನಲ್ಲಿ ಅದನ್ನು ಎರಡು ಸಲ ಓದಿದರಂತೆ. ಕಾವು ಕೊಟ್ಟ ಜಾಗ, ಅದರ ಅಳತೆ, ತಾರೀಕು, ಎಲ್ಲ ಇತ್ತು. ಓದಿ, ಒದ್ದೆ ಕಟ್ಟೆಯ ಮೇಲೆ ಹಾಗೇ ಕೂತರಂತೆ.

ಮತ್ತೆ ಬಾಗಿಲು ತೆಗೆದರೆ ಮಾಸ್ತಮ್ಮ ಹೊರಗೆ ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು. ಇನ್ನು ಬೈಗುಳ ಬರುತ್ತದೆ ಎಂದು ದೀಪಿಕಾ ಕಣ್ಣು ಮುಚ್ಚಿಕೊಂಡರಂತೆ. ಮಾಸ್ತಮ್ಮ ಮೇಡಂ ಮುಖ ನೋಡಿ, "ಅದು ಕ್ಯಾನ್ಸರ್ ಅಲ್ಲ ಅಲ್ದಾ?" ಎಂದು ಕೇಳಿದರು. ಮೇಡಂ, "ಅಲ್ಲ ಅಂತ ಕಾಣ್ತದೆ. ಇನ್ನೊಬ್ಬರತ್ರನೂ ಕೇಳ್ತೆ" ಎಂದರು. ಆಗ ಆ ಮುದುಕಿ ಸೊಸೆಯ ಕಡೆ ತಿರುಗಿ, "ನಂಗೆ ಹೇಳಿದ್ರೆ ನಾ ನಿನ್ನ ತಿಂತಿದ್ನೇನೆ?" ಎಂದು ಕೇಳಿ ಅತ್ತುಬಿಟ್ಟರು.

ಹೊರಡುವಾಗ ರಾಜೀವ ರಸ್ತೆಯ ತನಕ ಬಂದರು. ಅವರು ಹೇಳಿದರು, "ನಾ ಲ್ಯಾಬಲ್ಲಿ ಹೇಳಿದ್ದೆ ಮೇಡಂ. ಕೌಂಟರಲ್ಲಿ ಕನ್ನಡಕ ಹಾಕಿದವ್ರಿದ್ರಲ್ಲ, ಅವ್ರತ್ರ."

ಬಸ್ಸು ಬಂತು, ಮೇಡಂ ಹತ್ತಿದರು.

ನಾನು ಲ್ಯಾಬಿನಲ್ಲಿ ಕಾಯುತ್ತಿದ್ದೆ. ಅವರು ಈಗ ಹೊನ್ನಾವರ ದಾಟಿರಬಹುದು, ಈಗ ಕರ್ಕಿ, ಈಗ ಧಾರೇಶ್ವರ ಎಂದು ಲೆಕ್ಕ ಹಾಕುತ್ತಿದ್ದೆ. ಭಟ್ಕಳದಲ್ಲಿ ಅವರಿಗೆ ನನ್ನ ಸುಳ್ಳು ಗೊತ್ತಾಗಿರುತ್ತದೆ ಎಂದು ನನಗೆ ಗೊತ್ತಿತ್ತು. ನಾಲ್ಕು ಗಂಟೆಗೆ ಬಂದರು. ಸೀರೆ ಮೊಣಕಾಲ ತನಕ ಕೆಸರು. ಕೊಡೆ ಮೂಲೆಗಿಟ್ಟು, ಆ ಗಾಜನ್ನು ಇನ್ನೊಮ್ಮೆ ನೋಡಿ, "ಟೈಪ್ ಮಾಡು" ಎಂದರು.

ನಾನು ಕಂಪ್ಯೂಟರಿನ ಮುಂದೆ ಕೂತೆ. ಅವರು ಹೇಳುತ್ತ ಹೋದರು. "ಪೂರ್ವ ಮಾಹಿತಿ: ಫೆಬ್ರವರಿಯಲ್ಲಿ ಗಡ್ಡೆಗೆ ಫೋಕಸ್ಡ್ ಅಲ್ಟ್ರಾಸೌಂಡ್ ಚಿಕಿತ್ಸೆ ಆಗಿದೆ. ಈ ವಿಷಯವನ್ನು ರೋಗಿಯ ಗಂಡ — ಡಬ್ಬಿ ಕೊಡುವಾಗಲೇ — ನಮ್ಮ ಲ್ಯಾಬಿಗೆ ತಿಳಿಸಿದ್ದಾರೆ."

ನನ್ನ ಬೆರಳು ನಿಂತಿತು.

"ಟೈಪ್ ಮಾಡು" ಎಂದರು.

ಮಾಡಿದೆ. ಡಬ್ಬಿ ಕೊಡುವಾಗಲೇ. ಆ ಎರಡು ಶಬ್ದ ಹೊಡೆಯಲು ನನಗೆ ಎಷ್ಟು ಹೊತ್ತು ಬೇಕಾಯಿತೋ. ಒಂದು ಅಕ್ಷರ ತಪ್ಪಿತು. "ಸರಿಯಾಗಿ ನೋಡು, ತಪ್ಪಿದೆ" ಎಂದರು. ತಿದ್ದಿದೆ. ಮುಂದೆ ಹೇಳಿದರು — ಸತ್ತ ಭಾಗ ಶಾಖದಿಂದ ಆದದ್ದು, ರಕ್ತನಾಳಗಳೂ ಜೊತೆಗೇ ಸತ್ತಿವೆ, ಅಂಚಿನ ಕೋಶಗಳ ವಿಕಾರ ಗಾಯ ಮಾಯುವಾಗ ಆಗುವಂಥದ್ದು, ಕ್ಯಾನ್ಸರಿನ ಲಕ್ಷಣ ಕಾಣುವುದಿಲ್ಲ, ಎರಡನೇ ಅಭಿಪ್ರಾಯಕ್ಕೆ ಕಳಿಸಲಾಗಿದೆ.

ರಿಪೋರ್ಟ್ ಹೋಯಿತು. ವಿಶ್ವನಾಥ ಸರ್ ಗುರುವಾರದ ಆಪರೇಶನ್ ನಿಲ್ಲಿಸಿದರು. ನಾನು ಮೇಡಂ ಮುಂದೆ ಹೋಗಿ ನಿಂತೆ. ಏನೋ ಹೇಳಲು ಹೋದೆ. ಅವರು ತಡೆದರು.

"ಹೆದರಿ ಹೇಳಿದ್ದಲ್ವಾ ಸುಳ್ಳು?"

"ಹೌದು ಮೇಡಂ."

"ನಂಗೂ ಹೆದರಿಕೆ ಆಗಿತ್ತು. ನಾ ಬಸ್ಸು ಹತ್ತಿದೆ."

ಅಷ್ಟೇ. ಆರು ವರ್ಷದಲ್ಲಿ ಆ ವಿಷಯ ಇನ್ನೊಮ್ಮೆ ಎತ್ತಲಿಲ್ಲ. ಮರುದಿನದಿಂದ ಕೌಂಟರಿನಲ್ಲಿ ಎರಡು ಕುರ್ಚಿ ಬಂತು. ತಂದವರನ್ನು ಕೂರಿಸಿ, ಎಲ್ಲ ಕೇಳಿ, ಬರೆದುಕೊಂಡೇ ಡಬ್ಬಿ ತೆಗೆದುಕೊಳ್ಳಬೇಕು. ಬೇರೆ ಯಾರನ್ನೂ ಆ ಕೆಲಸಕ್ಕೆ ಹಾಕಲಿಲ್ಲ. ನನ್ನನ್ನೇ ಹಾಕಿದರು.

ಕತೆ ಅಲ್ಲಿಗೆ ಸುಖವಾಗಿ ಮುಗಿಯಿತು ಎಂದುಕೊಳ್ಳಬೇಡಿ. ಗಾಜುಗಳನ್ನು ಅವರ ಹಳೆಯ ಗುರುಗಳಿಗೆ ಕೊರಿಯರಿನಲ್ಲಿ ಕಳಿಸಿದೆವು. ಉತ್ತರ ಬರಲು ಒಂಬತ್ತು ದಿನ. ಆ ಒಂಬತ್ತು ದಿನ ಮೇಡಂ ಸರಿಯಾಗಿ ಊಟ ಮಾಡಲಿಲ್ಲ. ಧನ್ಯಾ ಅವರಿಗೆ ನೆನಪಿರಬಹುದು. ನಾನು ಸಮಾಧಾನಕ್ಕೆ, "ಕಾಗದವೇ ಸಿಕ್ಕಿತಲ್ಲ ಮೇಡಂ, ಇನ್ನೆಂತಕ್ಕೆ ಚಿಂತೆ" ಎಂದೆ. "ಬೇಯಿಸಿದ ಗಡ್ಡೆಯ ಬದಿಯಲ್ಲಿ ಕೆಟ್ಟದ್ದೂ ಇರಬಹುದಲ್ಲ? ಕಾಗದ ಸಿಕ್ಕಿದ ಖುಷಿಗೆ ನಾ ಅದನ್ನ ನೋಡದೆ ಬಿಟ್ಟಿದ್ರೆ?" ಎಂದರು. ಗುರುಗಳ ಉತ್ತರ ಬಂತು. ಒಪ್ಪಿದ್ದರು. ಆದರೂ ಆರು ತಿಂಗಳಿಗೊಮ್ಮೆ ದೀಪಿಕಾಗೆ ಫೋನ್ ಮಾಡಿ, ಸ್ಕ್ಯಾನ್ ಮಾಡಿಸಿ ಎಂದು ಪೀಡಿಸುತ್ತಿದ್ದರು. ಪ್ರತಿ ಸಲ ರಿಪೋರ್ಟ್ ಬರುವ ತನಕ ಅದೇ ಹೆದರಿಕೆ. ಆರು ವರ್ಷ. ದೀಪಿಕಾ ಚೆನ್ನಾಗಿದ್ದಾರೆ.

ಮಗು ಆಗಲಿಲ್ಲ. ಅದನ್ನೂ ಹೇಳಬೇಕು. ಎರಡು ಸಲ ನಿಂತಿತ್ತು, ಎರಡು ಸಲವೂ ಉಳಿಯಲಿಲ್ಲ. ಎರಡನೇ ಸಲ ಮೇಡಂ ಭಟ್ಕಳಕ್ಕೆ ಹೋಗಿ, "ನಾ ನಿನ್ನ ಸುಮ್ನೆ ಆಸೆಗೆ ಹಾಕಿದೆನಾ?" ಎಂದು ಕೇಳಿದರಂತೆ. ದೀಪಿಕಾ ಹೇಳಿದ ಉತ್ತರ ನನಗೆ ಗೊತ್ತು, ನಿನ್ನೆ ಫೋನಿನಲ್ಲಿ ಹೇಳಿದರು. "ಆಗ್ಲಿಲ್ಲ ಅಂತ ಅಳೂದು ಬೇರೆ ಮೇಡಂ. ಆಗೂದೇ ಇಲ್ಲ ಹಾಗೆ ಮಾಡ್ಬಿಟ್ರು ಅಂತ ಅಳೂದು ಬೇರೆ."

ಇನ್ನು ಕೊನೆಯ ಎರಡು ತಿಂಗಳು. ಮೇಡಂಗೆ ಹೊಟ್ಟೆನೋವು ಬಂತು, ತೂಕ ಇಳಿಯಿತು, ನಿಮಗೆಲ್ಲ ಗೊತ್ತಿರುವುದೇ. ಮೇದೋಜೀರಕದ ಗಡ್ಡೆ. ದೂರದ ಆಸ್ಪತ್ರೆಯಲ್ಲಿ ತುಂಡು ತೆಗೆದು ಪರೀಕ್ಷೆ ಮಾಡಿದರು. ಆ ಗಾಜುಗಳನ್ನು ಮನೆಗೆ ತಂದಿದ್ದರು. ನಾನು ನೋಡಲು ಹೋದಾಗ ಪೊಟ್ಟಣ ಮಂಚದ ಪಕ್ಕದಲ್ಲೇ ಇತ್ತು. ಬಿಚ್ಚಿರಲಿಲ್ಲ. ಲ್ಯಾಬಿನ ಮೈಕ್ರೋಸ್ಕೋಪ್ ಇಲ್ಲಿಗೇ ತರಲೇ ಎಂದು ಕೇಳಿದೆ.

"ಬೇಡ" ಎಂದರು. "ನಾ ನೋಡಿದ್ರೆ ನಂಗೆ ಬೇಕಾದ್ದೇ ಕಾಣ್ತದೆ."

ಧನ್ಯಾ ಅವರ ಕೈ ಹುಡುಕಿ ಹಿಡಿದುಕೊಂಡರು. "ಹೆದರಿಕೆ ಆಗ್ತದೆ ದಿನಕರ" ಎಂದರು. ಊರಿನವರಿಗಾಗಿ ಹೆದರಿದ್ದನ್ನು ಇಪ್ಪತ್ತೆರಡು ವರ್ಷ ನೋಡಿದ್ದೆ. ತಮಗಾಗಿ ಹೆದರಿದ್ದನ್ನು ನೋಡಿದ್ದು ಅದೊಂದೇ ಸಲ. ನಾನು ಕಾಲ ಬುಡದಲ್ಲಿ ಕೂತಿದ್ದೆ.

ಅವರು ಹೋಗಿ ಇವತ್ತಿಗೆ ಹನ್ನೊಂದು ದಿನ. ನಿನ್ನೆಯ ತನಕ ಲ್ಯಾಬು ಮುಚ್ಚಿತ್ತು. ಇವತ್ತು ಬೆಳಗ್ಗೆ, ಈ ಸಭೆಗೆ ಬರುವ ಮೊದಲು, ಗುಡಿಸೋಣ ಎಂದು ಬಾಗಿಲು ತೆಗೆದೆ. ಅಷ್ಟರಲ್ಲಿ ಅಪ್ಸರಕೊಂಡದ ಕಡೆಯಿಂದ ಒಬ್ಬ ತಾಯಿ ಬಂದರು. ಕೈಯಲ್ಲಿ ಡಬ್ಬಿ. ಮಗಳದ್ದಂತೆ. ಡಾಕ್ಟರು ಇಲ್ಲ, ಗಾಜು ಬೇರೆ ಊರಿಗೆ ಕಳಿಸಬೇಕು, ತಡ ಆಗುತ್ತದೆ ಎಂದೆ. "ಆತು, ಎಂತ ಮಾಡೂಕಾಗ್ತದೆ" ಎಂದು ಕುರ್ಚಿಯಲ್ಲಿ ಕೂತರು. ನಾನು ಕೇಳಿದೆ. ಮಗಳಿಗೆ ಯಾವಾಗಿನಿಂದ, ಮೊದಲು ಎಲ್ಲಿ ತೋರಿಸಿದ್ದು, ಏನು ಔಷಧಿ, ಯಾರಿಗೂ ಹೇಳದ್ದು ಏನಾದರೂ ಇದೆಯೇ. ಅವರು ಹೇಳುತ್ತ ಹೋದರು. ನಾನು ಬರೆದೆ. ಎರಡು ಪುಟ ಆಯಿತು. ಬರೆದು ಮುಗಿಸಿ, ಹಾಳೆ ಹಿಡಿದು, ಅಭ್ಯಾಸದಂತೆ ಎದ್ದು ಒಳಗಿನ ಕೋಣೆಗೆ ಕೊಡಲು ಹೋದೆ.

ಕೋಣೆಯಲ್ಲಿ ಯಾರೂ ಇರಲಿಲ್ಲ.

ಆ ಹಾಳೆ ಈಗಲೂ ನನ್ನ ಜೇಬಿನಲ್ಲಿದೆ.

ಹಿರಿಯರೇ, ತಾಯಂದಿರೇ — ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ನಿಲ್ಲಲು ಆಗದವರು ಕೂತೇ ಇರಿ, ಮೇಡಂ ಬೇಸರ ಮಾಡುವವರಲ್ಲ. ಎರಡು ನಿಮಿಷ ಮಾತು ಬೇಡ. ಅವರು ಯಾರ ಮುಖವನ್ನೂ ನೋಡದೆ ಯಾರ್ಯಾರಿಗಾಗಿ ಹೆದರಿದರೋ, ಅವರಲ್ಲಿ ಎಷ್ಟೋ ಜನ ಈ ಸಭೆಯಲ್ಲೇ ಇರಬಹುದು. ಅವರಿಗೇ ಅದು ಗೊತ್ತಿರಲಿಕ್ಕಿಲ್ಲ. ಅವರ ಪರವಾಗಿಯೂ ನಿಲ್ಲೋಣ.